ಕೌದಿಯ ಹೊಟ್ಟೆಗೆ ಒಂದು ಚಿಟಿಕೆ ಅಕ್ಕಿ

ಹೋದ ವಾರ ಅತ್ತೆಯವರ ಕಬ್ಬಿಣದ ಟ್ರಂಕು ತೆಗೆದೆ. ನಾದಿನಿಯ ಮಗಳಿಗೆ ಹೆರಿಗೆಯಾಗಿತ್ತು. ಎಳೆಗೂಸನ್ನು ಸುತ್ತಲು ಹಳೆಯ ನೂಲಿನ ಸೀರೆ ಬೇಕಿತ್ತು. ಮುಚ್ಚಳ ಎತ್ತುತ್ತಿದ್ದಂತೆ ವಾಸನೆ ಬಂತು. ನುಸಿಗುಳಿಗೆಯದು ಸ್ವಲ್ಪ, ಒಣಗಿದ ಬೇವಿನೆಲೆಯದು ಸ್ವಲ್ಪ. ಅದರ ಅಡಿಯಲ್ಲಿ ಇನ್ನೊಂದು... ಎಷ್ಟೋ ವರ್ಷ ಉಟ್ಟು, ಒಗೆದು, ಬಿಸಿಲಿಗೆ ಹಾಕಿದ ಬಟ್ಟೆಗೆ ಮಾತ್ರ ಇರುವಂಥದ್ದು. ಟ್ರಂಕಿನ ಮುಂದೆಯೇ ಕೂತುಬಿಟ್ಟೆ. ಅತ್ತೆಯವರು ತೀರಿಕೊಂಡಿದ್ದಾರೆ, ಅವರದೇ ನೆನಪು ಬಂದಿರಬೇಕು ಎಂದು ಯಾರಾದರೂ ಅಂದುಕೊಳ್ಳಬಹುದು. ಅವರದಲ್ಲ. ನನ್ನ ಮಟ್ಟಿಗೆ ಅದು ನಮ್ಮ ಮನೆಯ ಕೆಳಗಿದ್ದ ಕೌದಿಯಮ್ಮನ ಅಂಗಡಿಯ ವಾಸನೆ.

ನಮ್ಮದು ಬೆಂಗಳೂರಿನ ಅಮೃತಹಳ್ಳಿಯ ಹಳೆಯ ಮನೆತನ. ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಟ್ಟಡ ಎದ್ದಿದೆ. ಕೆಳಗೆ ರಸ್ತೆಗೆ ಮುಖಮಾಡಿ ಶಟರಿನ ಅಂಗಡಿಗಳು, ಮೇಲೆ ನಾವು. ಕರೋನಾ ಕಾಲದಲ್ಲಿ ಜೆರಾಕ್ಸ್ ಅಂಗಡಿಯವನು ಬಿಟ್ಟುಹೋದ ಮೇಲೆ ಒಂದು ಶಟರು ಬಹಳ ದಿನ ಖಾಲಿ ಇತ್ತು. ಬಾಡಿಗೆಗಿದೆ ಎಂಬ ಬೋರ್ಡು ನೋಡಿಕೊಂಡು ಒಂದು ಮಧ್ಯಾಹ್ನ ಕೌದಿಯಮ್ಮ ತಾವೇ ಮೆಟ್ಟಿಲು ಹತ್ತಿ ಬಂದರು. ಎತ್ತರದ ಹೆಂಗಸು, ಕಡುಕಪ್ಪು ಮೈಬಣ್ಣ, ಗುಂಗುರು ಕೂದಲನ್ನು ಎಳೆದು ಕಟ್ಟಿದ ಗಂಟು, ಇಳಕಲ್ ಸೀರೆ, ಹಣೆಯ ಮೇಲೆ ದೊಡ್ಡ ಕುಂಕುಮ. ಹಜಾರದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಅತ್ತೆ ತಲೆಯಿಂದ ಕಾಲಿನವರೆಗೂ ನೋಡಿದರು.

"ಸೋಲದೇವನಳ್ಳಿ ಕಾಲೇಜಿಗೆ ಓದಕ್ಕೆ ಬರ್ತಾವಲ್ಲ, ಆಫ್ರಿಕಾದ ಉಡ್ಗೀರು, ಅಂಗವ್ಳೆ ಕಣೇ," ಎಂದು ನನಗೆ ಹೇಳಿದರು, ಆಕೆಗೆ ಕೇಳುವ ಹಾಗೆಯೇ. ಆಮೇಲೆ ಆಕೆಯ ಕಡೆ ತಿರುಗಿ, "ಯಾವೂರವ್ವಾ ನಿಂದು?"

"ಹಳಿಯಾಳದ ಕಡಿಯಾಕಿ ರೀ ಅಜ್ಜಿ."

"ಅದು ಇಂಡಿಯಾದಾಗೇ ಐತಾ?"

"ಐತ್ರಿ. ನಿಮ್ಮ ಮನಿ ಮುಂದ ಈ ರಸ್ತೆ ಬರೂಕಿಂತ ಮೊದಲಿಂದ ಐತಿ."

ಅತ್ತೆ ಎಲೆ ಜಗಿಯುವುದನ್ನು ನಿಲ್ಲಿಸಿ ನಕ್ಕುಬಿಟ್ಟರು. ಅಂಗಡಿ ಕೊಡುವುದು ಅಲ್ಲಿಗೆ ತೀರ್ಮಾನವಾಯಿತು. ನಮ್ಮ ಮನೆಯವರು ಸಂಜೆ ಬಂದು ಹೂಂ ಅಂದದ್ದು ಬರೀ ಶಾಸ್ತ್ರಕ್ಕೆ.

ಅವರು ಸಿದ್ದಿ ಜನ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಬಂದವರ ಮಕ್ಕಳ ಮಕ್ಕಳು. ಉತ್ತರ ಕನ್ನಡದ ಕಾಡಂಚಿನಲ್ಲಿ ಬೇರು ಬಿಟ್ಟು, ಅಲ್ಲಿನ ಮಾತೇ ಆಡಿಕೊಂಡು, ಅಲ್ಲಿನ ದೇವರಿಗೇ ಕೈಮುಗಿದುಕೊಂಡು ಬಾಳಿದವರು. ಆದರೂ ಬೆಂಗಳೂರಿನಲ್ಲಿ ಆಕೆ ರಸ್ತೆಗಿಳಿದರೆ ಆಟೋದವರು ಇಂಗ್ಲಿಷಿನಲ್ಲಿ ಶುರುಮಾಡುತ್ತಿದ್ದರು. "ಮೇಡಂ, ವೇರ್ ಗೋಯಿಂಗ್?" ಎಂದರೆ ಆಕೆ ಶಟರು ಎತ್ತುತ್ತ, "ಎಲ್ಲಿಗೂ ಇಲ್ಲೋ ತಮ್ಮಾ, ನನ್ನ ಅಂಗಡಿ ಇಲ್ಲೇ ಐತಿ. ಮನ್ಯಾಗ ಹರಕ ಅರಿವಿ ಇದ್ರ ತಗೊಂಡ ಬಾ, ನಿನಗೂ ಒಂದ ಕೌದಿ ಹೊಲೀತೀನಿ" ಅನ್ನುತ್ತಿದ್ದರು. ಆಟೋದವನು ಗೇರು ಹಾಕುವುದನ್ನೂ ಮರೆತು ನೋಡುತ್ತಿದ್ದ.

ಅದಕ್ಕೆ ಮೊದಲು ವರ್ಷಗಟ್ಟಲೆ ಸಹಕಾರನಗರದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದರಂತೆ. ಗಂಡ ಯಲಹಂಕದ ಕಡೆ ಕಾಂಕ್ರೀಟ್ ಲಾರಿ ಓಡಿಸುತ್ತಿದ್ದ. ಅಂಗಡಿಯ ಪೂಜೆಯ ದಿನ ನನ್ನ ಕೈಗೆ ಹೂವು ಕೊಡುತ್ತ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಅಕ್ಕಾರ, ಇಷ್ಟ ದಿನ ಎಲ್ಲಾರೂ ಆಯಾ, ಆಯಾ ಅಂತ ಕರದ್ರು. ಇನ್ನ ಅಂಗಡಿಯಾಕಿ ಅನ್ನಬೇಕು ನೋಡ್ರಿ. ಸಾಯೂತನಕ." ಹೆಸರೇನೋ ಇತ್ತು, ಆದರೆ ಬೀದಿಯವರೆಲ್ಲ ಕೌದಿಯಮ್ಮ ಎಂದೇ ಕರೆದೆವು. ಅದು ಅವರಿಗೆ ಇಷ್ಟವೂ ಆಯಿತು.

ಆ ಅಂಗಡಿಯಲ್ಲಿ ಮಾರಲು ಇಟ್ಟ ಸಾಮಾನೇ ಇರುತ್ತಿರಲಿಲ್ಲ. ಪದರ ಪದರವಾಗಿ ಸೇರಿಸಿ ಹೊದೆಯುವ ಕೌದಿ ಹೊಲಿಸಿಕೊಳ್ಳಲು ಜನ ತಮ್ಮ ಮನೆಯ ಹಳೆಯ ಬಟ್ಟೆಯನ್ನು ಚೀಲದಲ್ಲಿ ತುಂಬಿ ತರುತ್ತಿದ್ದರು. ಅಜ್ಜಿಯ ಸೀರೆ, ಮಕ್ಕಳ ಫ್ರಾಕು, ತಂದೆಯ ಪಂಚೆ. ಆರ್.ಟಿ. ನಗರದಿಂದ ಬುರ್ಖಾ ತೊಟ್ಟ ಒಬ್ಬರು ತೀರಿಹೋದ ಯಜಮಾನರ ಜುಬ್ಬಾಗಳನ್ನು ತಂದುಕೊಟ್ಟು, ಕೊಟ್ಟಾದ ಮೇಲೂ ಹೋಗಲಾರದೆ ಬಾಗಿಲಲ್ಲಿ ನಿಂತಿದ್ದರು. ಕೌದಿಯಮ್ಮ ಪ್ರತಿ ಚೀಲದ ಬಾಯಿಗೂ ಅದೇ ಬಟ್ಟೆಯ ಒಂದು ಚೂರನ್ನು ಹರಿದು ಕಟ್ಟಿಡುತ್ತಿದ್ದರು. ಯಾರ ಬಟ್ಟೆ ಯಾರದಕ್ಕೂ ಸೇರಿದ್ದಿಲ್ಲ.

ಹೊಲಿಯುವ ಕ್ರಮ ಅವರದೇ. ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ಒಳಗೆ ಬರುವುದು. ಎಲ್ಲ ಕೈಹೊಲಿಗೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ಸಣ್ಣ ಹೂವು. ಹೂವಿಲ್ಲದ ಕೌದಿ ಬರಿಮೈಯಲ್ಲಿ ನಿಂತ ಹಾಗಂತೆ. ಸುತ್ತು ನಡುವಿಗೆ ಬಂದು ಇನ್ನೇನು ಮುಚ್ಚಬೇಕು ಅನ್ನುವಾಗ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಅಕ್ಕಿಯಿಂದ ಒಂದು ಚಿಟಿಕೆ ತೆಗೆದು ಒಳಗೆ ಹಾಕಿ ಮೇಲೆ ತೇಪೆ ಹೊಲಿದುಬಿಡುತ್ತಿದ್ದರು. ಅದು ಕೌದಿಯ ಹೊಟ್ಟೆ ತುಂಬಿಸುವುದು. ಹೊದ್ದವರ ಹೊಟ್ಟೆಯೂ ತುಂಬಿರಲಿ ಅಂತ. ಹುಳ ಹಿಡಿಯುವುದಿಲ್ಲವೇ ಎಂದು ಕೇಳಿದ್ದೆ. ಬಿಸಿಲಿಗೆ ಹಾಕಿ, ಬೇವಿನೆಲೆಯ ಜೊತೆ ಇಟ್ಟು, ಆಮೇಲೆ ಹಾಕೋದು, ತಮ್ಮ ತಾಯಿ ಹೊಲಿದ ಕೌದಿಯಲ್ಲಿ ಇನ್ನೂ ಅಕ್ಕಿ ಹಾಗೇ ಇದೆ ಎಂದಿದ್ದರು.

ಮಧ್ಯಾಹ್ನ ಕೆಲಸ ಮುಗಿಸಿ ನಾನು ಕೆಳಗಿಳಿದು ಹೋಗುತ್ತಿದ್ದೆ. ಅತ್ತೆಯೂ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು. ಸೂಜಿಗೆ ದಾರ ಪೋಣಿಸುವುದು ನನ್ನ ಪಾಲಿನ ಕೆಲಸ, ಬೀದಿಯವರ ವಿಷಯ ಆಡುವುದು ಅತ್ತೆಯ ಪಾಲಿನದು... ಸುಖವಾಗಿತ್ತು ಎಂದು ಆಗ ಅನ್ನಿಸಿರಲಿಲ್ಲ. ದಿನ ಹೋಗುತ್ತಿತ್ತು ಅಷ್ಟೆ.

ಕಂಪನಿಯ ಮೇಡಂ ಬಂದದ್ದೂ ಗಿರಾಕಿಯಾಗಿಯೇ. ಹೆಬ್ಬಾಳದ ಹತ್ತಿರ ಗಾಜಿನ ಕಟ್ಟಡದ ದೊಡ್ಡ ಕಂಪನಿಯೊಂದರಲ್ಲಿ ಕೆಲಸ, ಚಿಕ್ಕ ವಯಸ್ಸು, ಮೃದು ಮಾತು. ಅವರ ಅಜ್ಜಿಯ ಸೀರೆಗಳಲ್ಲಿ ಕೌದಿ ಹೊಲಿಸಿಕೊಂಡರು. ಮುಗಿದ ದಿನ ಅಂಗಡಿಯಲ್ಲಿಯೇ ಅದನ್ನು ಮೈಮೇಲೆ ಹಾಕಿಕೊಂಡು, ನಡುವಿನ ಅಕ್ಕಿಯನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತ ಅತ್ತುಬಿಟ್ಟರು. ಆಕೆ ಕೆಟ್ಟವರಲ್ಲ. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಆಮೇಲೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಸ್ವಲ್ಪ ದಿನಕ್ಕೆ ದೊಡ್ಡ ಸುದ್ದಿ ತಂದರು. ಕಂಪನಿಯವರು ಹಿಂದುಳಿದ ಸಮುದಾಯದ ಸಣ್ಣ ಅಂಗಡಿಗಳಿಗೆ ನೆರವಾಗುವ ಯೋಜನೆ ಹಾಕಿಕೊಂಡಿದ್ದಾರೆ, ಅದಕ್ಕೆ ಕೌದಿಯಮ್ಮನನ್ನೇ ಆರಿಸಿದ್ದಾರೆ. ಕಂಪನಿಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಮಗು ಹುಟ್ಟಿದರೆ ಒಂದೊಂದು ಪುಟ್ಟ ಕೌದಿ ಉಡುಗೊರೆ. ಬೇರೆ ಊರಿನ ಆಫೀಸುಗಳಿಗೂ ಇಲ್ಲಿಂದಲೇ ಹೋಗಬೇಕು. ಒಂದೇ ಸಲಕ್ಕೆ ಅಷ್ಟು ಕೌದಿ ಅಂದರೆ ಕೌದಿಯಮ್ಮನ ಎರಡು ಕೈಗೆ ಆಗುವ ಮಾತೇ ಅಲ್ಲ. ಆದರೆ ಷರತ್ತುಗಳಿದ್ದವು. ಎಲ್ಲ ಒಂದೇ ಅಳತೆ, ಕಂಪನಿಯ ನೀಲಿ-ಕಿತ್ತಳೆ ಬಣ್ಣ, ಮೂಲೆಯಲ್ಲಿ ಕಂಪನಿಯ ಗುರುತು. ಕೆಲಸ ಮುಗಿಯುವವರೆಗೆ ಬೇರೆ ಗಿರಾಕಿಗಳ ಬಟ್ಟೆ ಅಂಗಡಿಯೊಳಗೆ ಸೇರಿಸುವಂತಿಲ್ಲ. ಹಳೆಯ ಬಟ್ಟೆ ಖಂಡಿತ ಕೂಡದು.

"ಹೊಸಾ ಅರಿವ್ಯಾಗ ಯಾರ ಮೈನೂ ಇಲ್ಲಲ್ರಿ ಮೇಡಂ. ಕೂಸಿಗೆ ಚುಚ್ಚತೈತಿ," ಎಂದರು ಕೌದಿಯಮ್ಮ.

"ಹಳೇ ಬಟ್ಟೆ ಹೈಜೀನ್ ಪ್ರಾಬ್ಲಂ ಆಗತ್ತೆ ಅಮ್ಮಾ. ನಾವೇ ಬಟ್ಟೆ ಕಳಿಸ್ತೀವಿ. ಹಾಂ, ಇನ್ನೊಂದು... ಈ ಸಲ ಅಕ್ಕಿನೂ ಬೇಡ. ಗೋಡೌನ್‌ನಲ್ಲಿ ತುಂಬಾ ದಿನ ಇರುತ್ತಲ್ಲಾ."

ಕೌದಿಯಮ್ಮ ಆಗಲಿ ಎಂದು ತಲೆಯಾಡಿಸಿದರು. ಆ ರಾತ್ರಿ ಅವರ ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ, ಬೆಳಿಗ್ಗೆ ಬಂದವರೇ ಬಾಯಿಗೆ ಚೂರು ಕಟ್ಟಿದ ಚೀಲಗಳನ್ನೆಲ್ಲ ಒಂದೊಂದಾಗಿ ವಾಪಸು ಕಳಿಸತೊಡಗಿದರು. ಆರ್.ಟಿ. ನಗರದವರ ಜುಬ್ಬಾಗಳ ಚೀಲವೂ ಹೋಯಿತು. "ಒಂದ ವರ್ಷ ರೀ ಅಷ್ಟ. ಇದೊಂದು ದಡಕ್ಕ ಹತ್ತಿದ್ರ ಅಂಗಡಿ ನಿಂತಂಗ," ಅಂದರು. ತಮ್ಮ ಕಡೆಯ ಹೆಂಗಸರನ್ನು ಎಲ್ಲೆಲ್ಲಿಂದಲೋ ಹುಡುಕಿ ಕರೆತಂದರು. ಜಕ್ಕೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸುತ್ತಿದ್ದವರು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು. ಅಂಗಡಿ ಸಾಲದೆ ನಮ್ಮ ಮಹಡಿಯ ಶೀಟಿನ ಕೆಳಗೆ ಚಾಪೆ ಹಾಸಿಕೊಂಡು ಕೂತರು. ತಮ್ಮತಮ್ಮಲ್ಲೇ ಆಡಿಕೊಳ್ಳುವ ಕೊಂಕಣಿ, ಅವರ ನಗು, ನಡುನಡುವೆ ಒಬ್ಬರ ಬೆನ್ನಿಗೆ ಒಬ್ಬರು ಗುದ್ದುವುದು... ನಮ್ಮ ಮಹಡಿ ಯಾವತ್ತೂ ಹಾಗೆ ಕಳೆಗಟ್ಟಿರಲಿಲ್ಲ.

ಯೋಜನೆಯ ಉದ್ಘಾಟನೆಗೆ ಕೌದಿಯಮ್ಮನನ್ನು ಕಾರು ಕಳಿಸಿ ಕರೆಸಿಕೊಂಡರು. ಒಬ್ಬರೇ ಹೋಗಲು ಅಂಜಿಕೆ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಕಟ್ಟಡದ ಬಾಗಿಲು ದಾಟುತ್ತಿದ್ದಂತೆ ಗೋಡೆಯ ತುಂಬ ಅವರದೇ ಫೋಟೋ. ಕೌದಿ ಹಿಡಿದು ನಗುತ್ತಿರುವುದು. ಅವರು ಅದರ ಮುಂದೆ ನಿಂತು, "ನನ್ನ ಹಲ್ಲು ಇಷ್ಟ ದೊಡ್ಡವು ಅದಾವೇನ್ರಿ ಅಕ್ಕಾರ?" ಎಂದು ಪಿಸುಗುಟ್ಟಿದರು.

ಒಳಗೆ ಕಾರ್ಯಕ್ರಮ ನಡೆಸುವ ಒಬ್ಬ ಹುಡುಗಿ ಓಡಿಬಂದು ಕೇಳಿದಳು. "ಅಮ್ಮಾ, ನಿಮ್ಮ ಕಮ್ಯುನಿಟಿ ಡ್ಯಾನ್ಸ್ ಸೂಪರ್ ಇರುತ್ತಂತಲ್ಲಾ, ಯೂಟ್ಯೂಬಲ್ಲಿ ನೋಡಿದ್ವಿ. ಒಂದೇ ಒಂದು ನಿಮಿಷ ಮಾಡ್ತೀರಾ? ಎಲ್ರೂ ಎಂಜಾಯ್ ಮಾಡ್ತಾರೆ."

ಕೌದಿಯಮ್ಮನ ಮುಖ ಗಟ್ಟಿಯಾಯಿತು. "ಕುಣಿಯೂದು ನಮ್ಮನಿ ಮದವಿಗೆ ಬಾ, ನೋಡೀಯಂತ. ಇಲ್ಲಿ ನಾ ಅಂಗಡಿಯಾಕಿ ಆಗಿ ಬಂದೇನಿ."

ಹುಡುಗಿ ನಗುತ್ತಲೇ ಹೊರಟುಹೋದಳು. ಅರ್ಥವಾಯಿತೋ ಇಲ್ಲವೋ. ಡೋಲಿನ ಸದ್ದನ್ನು ಸ್ಪೀಕರಿನಲ್ಲಿ ಹಾಕಿದರು. ಆಮೇಲೆ ನಮ್ಮ ಮೇಡಂ ವೇದಿಕೆಯ ಮೇಲೆ ನಿಂತು ತಮ್ಮ ಅಜ್ಜಿಯ ಸೀರೆಯ ಕಥೆ ಹೇಳಿದರು. ಕೌದಿಯ ಹೊಟ್ಟೆಗೆ ಅಕ್ಕಿ ಹಾಕುವ ಕಥೆ ಹೇಳುವಾಗ ಕಣ್ಣೊರೆಸಿಕೊಂಡರು. ಸಭೆಯಲ್ಲಿದ್ದ ಅಷ್ಟೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಂಚಿದ ಚಂದದ ಕಾಗದದಲ್ಲಿಯೂ ಅದನ್ನೇ ಅಚ್ಚು ಹಾಕಿಸಿದ್ದರು. ಕೌದಿಯಮ್ಮ ಚಪ್ಪಾಳೆ ತಟ್ಟುವವರನ್ನೇ ನೋಡುತ್ತ ಕೂತಿದ್ದರು.

ಮರುದಿನ ಮಹಡಿಯ ಮೇಲೆ ಹೆಂಗಸರ ನಡುವೆ ಅದೇ ಚರ್ಚೆ. ದೊಡ್ಡವರ ಕೌದಿಯಾದರೆ ಹೇಗೋ ಆದೀತು. ಹುಟ್ಟಿದ ಕೂಸಿಗೆ ಖಾಲಿ ಹೊಟ್ಟೆಯ ಕೌದಿ ಕೊಡುವುದೆಂದರೆ ಅದು ಹಸಿದಿರಲಿ ಎಂದು ಬೈದ ಹಾಗಲ್ಲವೇ? ವಯಸ್ಸಾದ ಒಬ್ಬಾಕೆ ಸೂಜಿ ಕೆಳಗಿಟ್ಟು, ಇಂಥ ಕೆಲಸ ನನ್ನ ಕೈಯಲ್ಲಾಗದು ಎಂದೇ ಕೂತುಬಿಟ್ಟರು. ಕೌದಿಯಮ್ಮ ತಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು.

"ಅಕ್ಕಾರ, ಊಟಕ್ಕ ಕುಂತವ್ರು ಸಾಕ ಸಾಕ ಅಂತ ಎಲಿಗೆ ಕೈ ಅಡ್ಡ ಹಿಡಿತಾರಲ್ರಿ. ಹಂಗಂತ ನಾವು ಬಡಿಸೂದು ಬಿಡ್ತೀವೇನ? ಆ ಮೇಡಂ ಬಾಯಿಲೆ ಬ್ಯಾಡ ಅಂದ್ರು. ಮನಸಿನ್ಯಾಗ ಏನೈತಿ ಅಂತ ನಿನ್ನೆ ನೋಡಿದ್ವಲ್ಲಾ, ಎಲ್ಲಾರ ಮುಂದ ಅತ್ತು ಹೇಳಿದ್ರಲ್ಲಾ."

ನನಗೂ ಅದು ಸರಿಯೆಂದೇ ಕಂಡಿತು. ನಮ್ಮ ಮನೆಗಳಲ್ಲಿಯೂ ಬೇಡ ಅನ್ನುವುದು ಅರ್ಧ ಉಪಚಾರವೇ ತಾನೆ? ಅಕ್ಕಿಯನ್ನು ಬಿಸಿಲಿಗೆ ಹರವಿದರು, ನಮ್ಮ ಬೀದಿಯ ಕೊನೆಯ ಮರದಿಂದ ಬೇವಿನೆಲೆ ತಂದರು. ಪ್ರತಿ ಪುಟ್ಟ ಕೌದಿಯ ನಡುವೆಯೂ ಒಂದು ಚಿಟಿಕೆ ಹಾಕಿ ಮುಚ್ಚಿದರು. ಸೂಜಿ ಕೆಳಗಿಟ್ಟಿದ್ದ ಆಕೆಯೇ ಎಲ್ಲರಿಗಿಂತ ಬೇಗ ಬೇಗ ಹೊಲಿದರು.

ಕೌದಿಗಳು ಗೋಡೌನಿಗೆ ಹೋದವು. ಅಲ್ಲಿ ಪರೀಕ್ಷೆ ಮಾಡುವವನ ಕೈಗೆ ನಡುವಿನಲ್ಲಿ ಏನೋ ಗಟ್ಟಿ ತಗುಲಿತಂತೆ. ಕತ್ತರಿಸಿ ನೋಡಿದನಂತೆ. ಇನ್ನೊಂದನ್ನು ನೋಡಿದನಂತೆ... ಒಂದು ಮಳೆಯ ದಿನ ಅಷ್ಟೂ ಕೌದಿ ಟೆಂಪೋದಲ್ಲಿ ವಾಪಸು ಬಂದು ನಮ್ಮ ಮಹಡಿಯಲ್ಲಿ ರಾಶಿ ಬಿದ್ದವು. ಹಿಂದೆಯೇ ಮೇಡಂ ಬಂದರು. ಅವರ ಕಣ್ಣೂ ಕೆಂಪಾಗಿತ್ತು.

"ಬಿಚ್ಚಿ ಕೊಡ್ತೀವ್ರಿ ಮೇಡಂ. ನಡುವಿನ ತೇಪಿ ಒಂದ ತಗದ್ರ ಆತು. ನಾಕ ದಿನದಾಗ ಎಲ್ಲಾ ಬಿಚ್ಚಿ, ಅಕ್ಕಿ ತಗದು, ತಿರುಗಿ ಹೊಲದ ಕೊಡ್ತೀವಿ."

"ನನಗೆ ಅರ್ಥ ಆಗತ್ತೆ ಅಮ್ಮಾ. ಸಿಸ್ಟಂಗೆ ಅರ್ಥ ಆಗಲ್ಲ. ಒಂದು ಸಲ ರಿಜೆಕ್ಟ್ ಆದ್ರೆ ಮುಗೀತು."

"ಹಂಗಾದ್ರ ಇವನ್ನ ನಾವಾರ ಬ್ಯಾರೆ ಕಡೆ ಮಾರಿಕೊಳ್ತೀವ್ರಿ."

ಅದೂ ಆಗುವುದಿಲ್ಲವಂತೆ. ಕಂಪನಿಯ ಗುರುತಿರುವ ಮಾಲು ಹೊರಗೆ ಮಾರಾಟವಾಗಬಾರದು. ಹಾಗೆಂದು ಮೊದಲೇ ಸಹಿ ಮಾಡಿಸಿಕೊಂಡಿದ್ದರು. ಗುರುತನ್ನು ಕಿತ್ತುಹಾಕುತ್ತೇವೆ ಎಂದರೂ ಬಣ್ಣ ಇದೆಯಲ್ಲ ಎಂದರು. ಒಂದೆರಡು ದಿನ ಬಿಟ್ಟು ಅವರ ಕಡೆಯಿಂದ ಒಬ್ಬ ಯುವಕ ಬಂದ, ಕೈಯಲ್ಲಿ ಬ್ಲೇಡು ಹಿಡಿದುಕೊಂಡು. ಪ್ರತಿ ಕೌದಿಯನ್ನೂ ಯಾರಿಗೂ ಉಪಯೋಗಕ್ಕೆ ಬಾರದ ಹಾಗೆ ನಡುವಿನಲ್ಲಿ ಸೀಳಿ ಫೋಟೋ ತೆಗೆದುಕೊಂಡು ಹೋಗಬೇಕಿತ್ತು. "ಸಾರಿ ಆಂಟಿ, ಪ್ರೊಸೀಜರ್," ಎಂದು ನನಗೂ ಅಂದ, ಹೆಂಗಸರಿಗೂ ಅಂದ. ಒತ್ತೊತ್ತಾಗಿ ಹೊಲಿದ ಬಟ್ಟೆ. ಬ್ಲೇಡು ಇಳಿಯುತ್ತಿರಲಿಲ್ಲ, ಜಾರುತ್ತಿತ್ತು. ಆಗ ಕೌದಿಯಮ್ಮ ಎದ್ದು ಬಂದು ಅವನ ಎದುರು ಕೂತರು.

"ತಾಳೋ ತಮ್ಮಾ, ಕೈ ಕೊಯ್ಕೊಂಡೀ," ಎನ್ನುತ್ತ ಕೌದಿಯ ಎರಡು ತುದಿಯನ್ನೂ ಬಿಗಿಯಾಗಿ ಎಳೆದು ಹಿಡಿದರು. ಅವನು ಸೀಳಿದ. ಇನ್ನೊಂದನ್ನು ಹಿಡಿದರು... ಕೊನೆಯದರವರೆಗೂ ಅವರೇ ಹಿಡಿದುಕೊಟ್ಟರು. ಅಕ್ಕಿ ಮಹಡಿಯ ತುಂಬ ಚೆಲ್ಲಿತು, ಪಾರಿವಾಳಗಳು ಬಂದು ಇಳಿದವು. ಮೆಟ್ಟಿಲ ಮೇಲೆ ಕೂತಿದ್ದ ನಮ್ಮ ಅತ್ತೆ, "ನಿಮ್ ಮನೇಲಿ ಕೂಸು ಉಟ್ಟಾಕಿಲ್ವೇನ್ಲಾ? ಇಂಗೆ ಒಟ್ಟೆ ಬಗೀತೀರಲ್ಲೋ!" ಎಂದು ಕೂಗಿದರು. ಆ ಯುವಕ ತಲೆಯೆತ್ತದೆ ಫೋಟೋ ತೆಗೆದುಕೊಂಡು ಹೋದ.

ಮುಂಗಡ ಬಂದದ್ದು ಹೆಂಗಸರ ಕೂಲಿಗೇ ಸರಿಹೋಗಿತ್ತು. ಅವರೆಲ್ಲ ಮತ್ತೆ ಪೊರಕೆ ಹಿಡಿಯಲು ಹೋದರು. ಮರುವರ್ಷ ಕಂಪನಿಯವರು ನೆರವಿನ ಯೋಜನೆಯನ್ನು ಕೆರೆಗಳ ಕಡೆಗೆ ತಿರುಗಿಸಿದರಂತೆ. ಮೇಡಂ ಬೇರೆ ಊರಿಗೆ ವರ್ಗವಾದರು. ಹೋಗುವಾಗ ಬಂದು ಕೌದಿಯಮ್ಮನನ್ನು ತಬ್ಬಿಕೊಂಡರು. ತಬ್ಬಿಕೊಂಡದ್ದಕ್ಕೆ ನಾನು ಏನನ್ನೂ ಅನ್ನುವುದಿಲ್ಲ.

ಅಂಗಡಿ ಅದಾದ ಮೇಲೂ ಸ್ವಲ್ಪ ಕಾಲ ಉಸಿರು ಹಿಡಿದಿತ್ತು. ಬೆಳಿಗ್ಗೆ ಶಟರು ಎತ್ತಿ ಕೂರುವರು, ಆದರೆ ಚೀಲ ಹಿಡಿದು ಬರುವವರು ನಿಂತುಹೋಗಿದ್ದರು. ವಾಪಸು ಕಳಿಸಿದ ಗಿರಾಕಿ ತಿರುಗಿ ಬರುವುದು ಸುಲಭವಲ್ಲ. ಆರ್.ಟಿ. ನಗರದವರ ಜೊತೆ ಕೌದಿಯಮ್ಮ ನನ್ನ ಫೋನಿನಿಂದಲೇ ಮಾತಾಡಿದರು. ಆ ಜುಬ್ಬಾಗಳನ್ನು ಸೊಸೆ ಯಾರಿಗೋ ಕೊಟ್ಟುಬಿಟ್ಟಳು ಎಂದರಂತೆ. ಫೋನು ನನ್ನ ಕೈಗೆ ಕೊಟ್ಟು ಕೌದಿಯಮ್ಮ ಚೀಲಗಳು ತೂಗುತ್ತಿದ್ದ ಗೋಡೆಯ ಖಾಲಿ ಮೊಳೆಗಳನ್ನೇ ನೋಡುತ್ತ ಕೂತರು. ಬಾಡಿಗೆ ಬೇಡ, ಇರಿ ಎಂದು ನಮ್ಮ ಮನೆಯವರು ಹೇಳಿ ನೋಡಿದರು. "ಬಿಟ್ಟಿ ಕುಂತ್ರ ಅದು ಅಂಗಡಿ ಹೆಂಗಾಗತೈತ್ರಿ ಅಣ್ಣಾರ?" ಎಂದು ಬೀಗದಕೈ ಇಟ್ಟು ಇಳಿದುಹೋದರು.

ಆಮೇಲೆ ಜಕ್ಕೂರಿನ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಒಮ್ಮೆ ತರಕಾರಿ ಗಾಡಿಯ ಹತ್ತಿರ ಕಂಡರು. ಕೌದಿಯಮ್ಮಾ ಎಂದು ಕರೆದೆ, ತಿರುಗಲಿಲ್ಲ. ಅವರ ಕೈ ಹಿಡಿದಿದ್ದ ಪುಟ್ಟ ಹುಡುಗಿ "ಆಯಾ, ಆಂಟಿ ಕರೀತಿದ್ದಾರೆ" ಎಂದಾಗ ತಿರುಗಿದರು. ಅದೂ ಇದೂ ಮಾತಾಡಿದೆವು, ಅತ್ತೆಯ ಮಂಡಿನೋವು, ಸೊಪ್ಪಿನ ರೇಟು... ಅಂಗಡಿಯ ಮಾತು ಇಬ್ಬರೂ ಎತ್ತಲಿಲ್ಲ. ಅತ್ತೆ ತೀರಿಕೊಂಡ ವರ್ಷವೇ ಅವರೂ ಹೋದರು. ಜ್ವರ ಬಂದದ್ದು ನೆತ್ತಿಗೇರಿತು ಎಂದು ಗಂಡ ಫೋನು ಮಾಡಿ ಹೇಳುವ ಹೊತ್ತಿಗೆ ಊರಿಗೆ ಒಯ್ದು ಮಣ್ಣು ಮಾಡಿಯಾಗಿತ್ತು. ನಾನು ಮುಖ ನೋಡಲಿಲ್ಲ.

ಆ ಗಾಜಿನ ಕಟ್ಟಡದ ಮುಂದೆ ಬಸ್ಸು ನಿಂತಾಗಲೆಲ್ಲ ನನಗೆ ಒಂದೇ ಲೆಕ್ಕ. ಅಷ್ಟು ದೊಡ್ಡ ಮನೆ ನಡೆಸುವವರು ದಿನಾ ಏನೇನೋ ಕೊಳ್ಳುತ್ತಿರಬೇಕಲ್ಲ. ಕುರ್ಚಿಗೆ ದಿಂಬು ಕೊಳ್ಳುತ್ತಾರೆ, ಬಂದವರಿಗೆ ಉಡುಗೊರೆ ಕೊಳ್ಳುತ್ತಾರೆ. ತಿಂಗಳಿಗೆ ಕೌದಿಯಮ್ಮನ ಎರಡು ಕೈಗೆ ಆಗುವಷ್ಟೇ ಕೌದಿ ತೆಗೆದುಕೊಂಡಿದ್ದರೆ, ಬೀದಿಯ ಗಿರಾಕಿಗಳನ್ನು ಅವರಿಗೇ ಬಿಟ್ಟಿದ್ದರೆ, ತಪ್ಪಾದಾಗ ತಿದ್ದಿಕೊಡಲು ಒಂದು ವಾರ ಕೊಟ್ಟಿದ್ದರೆ ಸಾಕಿತ್ತು. ಒಂದು ಗಿಡಕ್ಕೆ ಇಡೀ ಟ್ಯಾಂಕರು ನೀರು ಒಮ್ಮೆಗೇ ಸುರಿದು, ಬೇರು ಕಿತ್ತು ಬಂದ ಮೇಲೆ ಗಿಡದ ಫೋಟೋ ಗೋಡೆಗೆ ಹಾಕಿಕೊಂಡರು. ಫೋಟೋ ಇನ್ನೂ ಅಲ್ಲೇ ಇದೆಯಂತೆ.

ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಇನ್ನೂ ಒಂದು ಕಾರಣವಿದೆ. ಮೊನ್ನೆ ಬೆಳಿಗ್ಗೆ ಗೇಟಿನಲ್ಲಿ ಒಬ್ಬ ಹುಡುಗ ನಿಂತಿದ್ದ, ಕುತ್ತಿಗೆಯಲ್ಲಿ ಆ ಕಂಪನಿಯ ಗುರುತಿನ ಚೀಟಿಯ ಪಟ್ಟಿ. ಕೌದಿಯಮ್ಮನನ್ನು ಕೇಳಿಕೊಂಡು ಬಂದಿದ್ದ. ಹಳೆಯ ಯೋಜನೆಯನ್ನು ಮತ್ತೆ ಶುರುಮಾಡುತ್ತಿದ್ದಾರಂತೆ; ಗೋಡೆಯ ಮೇಲಿನ ಫೋಟೋ ಬಣ್ಣ ಮಾಸಿದೆ, ಹೊಸದು ತೆಗೆಯಬೇಕಂತೆ.

"ಅವರು ತೀರಿಕೊಂಡ್ರಪ್ಪ," ಎಂದೆ.

"ಅಯ್ಯೋ... ಸಾರಿ ಆಂಟಿ, ಗೊತ್ತಿರ್ಲಿಲ್ಲ." ನಿಜಕ್ಕೂ ನೊಂದುಕೊಂಡ. ಆಮೇಲೆ ಕೇಳಿದ. "ಅವರ ಕಮ್ಯುನಿಟಿಯವರು ಬೇರೆ ಯಾರಾದ್ರೂ ಇದ್ದಾರಾ ಇಲ್ಲಿ?"

"ಇದ್ದಾರೆ. ಕೌದಿ ಹೊಲಿಯೋರು ಇವತ್ತೂ ಜಕ್ಕೂರಲ್ಲಿ ಕಸ ಗುಡಿಸ್ತಿದ್ದಾರೆ. ಫೋಟೋ ಗೀಟೋ ಬೇಡ ಅವರಿಗೆ. ತಿಂಗಳು ತಿಂಗಳು ನಾಲ್ಕು ಕೌದಿ ಕೊಂಡ್ಕೋತೀರಾ, ಕರೀತೀನಿ."

ಹುಡುಗ ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಇಟ್ಟುಕೊಂಡ. "ಕೊಂಡ್ಕೊಳ್ಳೋದು ಬೇರೆ ಡಿಪಾರ್ಟ್‌ಮೆಂಟ್ ಆಂಟಿ. ನಮ್ಮದು ಬರೀ ಸಪೋರ್ಟ್ ಮಾಡೋದು."

ಬಿಸಿಲು ಜೋರಾಗಿತ್ತು, ನೀರು ಬೇಕೇನಪ್ಪ ಎಂದು ಕೇಳಿದೆ. ಬೇಡ ಆಂಟಿ ಅಂದ. ನಾನು ಎರಡನೆಯ ಸಲ ಕೇಳಲಿಲ್ಲ.